ಗಂಟಲಲ್ಲಿ ಸಿಕ್ಕಿದ ಕನ್ನಡ

ನನ್ನ ಅಕ್ಕನ ಮಗಳಿಗೆ ಎರಡೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ಅದಕ್ಕೆ ಕಾರಣ ನಮ್ಮ ಅಜ್ಜಿಯೇ ಎಂದು ತೀರ್ಮಾನವಾದದ್ದು ಒಂದು ಭಾನುವಾರ ಬೆಳಿಗ್ಗೆ, ಇಡ್ಲಿ ತಿನ್ನುತ್ತ. ಆರೋಪಿ ಆ ಹೊತ್ತಿಗೆ ಅಡುಗೆಮನೆಯಲ್ಲಿ ನ್ಯಾಯಾಧೀಶರ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಳು.

ಅಕ್ಕನ ಮನೆ ಇರುವುದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಭಾವ ತೆಲುಗರು, ವಿಜಯವಾಡದವರು. ನಾವು ಧಾರವಾಡದವರು. ಅಮ್ಮನಿಗೆ ಶಾಲೆಯಲ್ಲಿ ರಜೆ ಸಿಗದೆ ಅಕ್ಕನ ಬಾಣಂತನಕ್ಕೆ ಬಂದವಳು ಅಜ್ಜಿ. ನಾನು ಇಲ್ಲಿನ ಔಷಧಿ ಕಂಪನಿಯೊಂದರ ಕೆಲಸಕ್ಕೆಂದು ಬಂದು, ಕೋಣೆ ಸಿಗುವವರೆಗೆ ಎಂದು ಅಕ್ಕನ ಮನೆ ಸೇರಿ, ಅಜ್ಜಿಯ ಕೈಯ ರೊಟ್ಟಿ ತಿಂದ ಮೇಲೆ ಕೋಣೆ ಹುಡುಕುವುದನ್ನೇ ಬಿಟ್ಟವಳು. ಗುಳಿಗೆಗಳು ಕೆಟ್ಟುಹೋದರೆ ಅದರ ಮೂಲ ಕಾರಣ ಹುಡುಕುವುದು ಕಂಪನಿಯಲ್ಲಿ ನನ್ನ ಕೆಲಸ. ಅದಕ್ಕೂ ಮೊದಲು ಶಾಲೆ, ಕಾಲೇಜುಗಳಲ್ಲಿ ಚರ್ಚಾಸ್ಪರ್ಧೆಯೇ ನನ್ನ ಕೆಲಸವಾಗಿತ್ತು. ಚೀಟಿ ಎತ್ತುತ್ತಿದ್ದೆ, ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ನನಗೆ ಅಭಿಪ್ರಾಯ ಮೂಡುತ್ತಿದ್ದದ್ದು ಚೀಟಿ ಬಿಚ್ಚಿದ ಮೇಲೆ. ಬೇರೆಯವರ ತರ್ಕ ತಲೆಕೆಳಗಾಗಿದೆ ಎಂದು ಬೆರಳು ತೋರಿಸುವ ಅಧಿಕಾರ ನನಗೆ ಹೀಗೆ ಬಂದದ್ದು.

ತೀರ್ಮಾನ ಕೊಟ್ಟವರು ಅಕ್ಕನ ಅತ್ತೆ. ಮೊಮ್ಮಗಳನ್ನು ನೋಡಲು ವಿಜಯವಾಡದಿಂದ ಬಂದಿದ್ದರು. ಅಜ್ಜಿಯನ್ನು ಅಮ್ಮಮ್ಮಗಾರು, ಮಗುವನ್ನು ಬುಜ್ಜಿ ಎಂದು ಕರೆಯುವ ಅವರು ಆಡುವುದು ತೆಲುಗು. ಅದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅರ್ಧ ಸಿಹಿ ಸೋರಿಹೋಗಿದೆ ಎಂದೇ ತಿಳಿಯಬೇಕು.

"ಅಮ್ಮಮ್ಮಗಾರು ಈ ಮನೆಗೆ ಬಂದು ಎರಡೂವರೆ ವರ್ಷ. ಬುಜ್ಜಿ ಬಾಯಿ ಬಿಡದೆ ಎರಡೂವರೆ ವರ್ಷ. ನಾನು ಯಾರ ಮೇಲೂ ತಪ್ಪು ಹೇಳುತ್ತಿಲ್ಲಮ್ಮ, ಲೆಕ್ಕ ಹೇಳುತ್ತಿದ್ದೇನೆ," ಎಂದರು. "ಒಂದು ಕಿವಿಯಲ್ಲಿ ತೆಲುಗು, ಇನ್ನೊಂದು ಕಿವಿಯಲ್ಲಿ ಕನ್ನಡ. ಮಗು ಯಾವುದನ್ನು ಆಡಬೇಕು? ನಮ್ಮ ಬೀದಿಯ ಮಕ್ಕಳನ್ನು ನೋಡು, ಒಂದೇ ಭಾಷೆ, ಅರಳು ಹುರಿದ ಹಾಗೆ ಮಾತು."

ನಾನು ಇಡ್ಲಿ ಕೆಳಗಿಟ್ಟೆ. "ಅತ್ತಯ್ಯಗಾರು, ಹುಟ್ಟಿದ ದಿನದಿಂದ ಯಾವ ಮಗು ಮಾತಾಡುತ್ತದೆ? ಮೊದಲ ವರ್ಷವನ್ನು ಲೆಕ್ಕದಿಂದ ತೆಗೆಯಿರಿ. ಬುಜ್ಜಿಯ ಮೊದಲ ಹುಟ್ಟುಹಬ್ಬ ಮುಗಿದ ಮೇಲೆ ಅಜ್ಜಿ ಊರಿಗೆ ಹೊರಟು ನಿಂತಿದ್ದಳು. ಮಗು ಅಮ್ಮಾ ಎಂದು ಕೂಡ ಅನ್ನುತ್ತಿಲ್ಲ, ಯಾರಾದರೂ ಇಡೀ ದಿನ ಮಾತಾಡಿಸುವವರು ಬೇಕು ಅಂತ ಅಕ್ಕನೇ ಹಿಡಿದು ನಿಲ್ಲಿಸಿದಳು. ಮಗು ಸುಮ್ಮನಿದ್ದದ್ದಕ್ಕೆ ಅಜ್ಜಿ ಉಳಿದಳು. ಅಜ್ಜಿ ಉಳಿದದ್ದಕ್ಕೆ ಮಗು ಸುಮ್ಮನಾದದ್ದಲ್ಲ. ಆಂಬುಲೆನ್ಸ್ ಬಂದ ಮನೆಯಲ್ಲೆಲ್ಲ ಕಾಯಿಲೆ ಇರುತ್ತದೆ ಅಂತ ಆಂಬುಲೆನ್ಸನ್ನು ಓಡಿಸುತ್ತೀರಾ?"

"ಆ ಸೈರನ್ ಕೇಳಿಯೇ ಅರ್ಧ ಜನ ಸಾಯುತ್ತಾರಮ್ಮ," ಎಂದರು ಅತ್ತೆ, ಇನ್ನೊಂದು ಇಡ್ಲಿ ಹಾಕಿಸಿಕೊಳ್ಳುತ್ತ.

ಚರ್ಚಾಸ್ಪರ್ಧೆಗೂ ಮನೆಗೂ ಇರುವ ವ್ಯತ್ಯಾಸ ಇದು. ಅಲ್ಲಿ ಎದುರಾಳಿ ಬೇರೆ, ನಿರ್ಣಾಯಕರು ಬೇರೆ. ಮನೆಯಲ್ಲಿ ಎದುರಾಳಿಯೇ ನಿರ್ಣಾಯಕರು, ಸಾಲದ್ದಕ್ಕೆ ಹಿರಿಯರು.

ಡಾಕ್ಟರಿಗೆ ತೋರಿಸಿಯಾಗಿತ್ತು. ಮಗುವಿನ ಕಿವಿ ಸರಿಯಾಗಿದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಕೆಲವು ಮಕ್ಕಳಿಗೆ ಮಾತು ತಡ, ಎರಡು ಭಾಷೆಯಿಂದ ಏನೂ ಆಗುವುದಿಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಕರೆತನ್ನಿ, ಕಾಯೋಣ ಎಂದಿದ್ದರು. ಅದನ್ನು ನಾನು ಎತ್ತಿದೆ. "ಕಾಯಿರಿ ಅನ್ನುವುದಕ್ಕೆ ಡಾಕ್ಟರು ಯಾಕೆ, ನಾನೂ ಅನ್ನುತ್ತಿದ್ದೆ," ಎಂದರು ಅತ್ತೆ. ನಾನು ಇನ್ನೊಂದು ಅಸ್ತ್ರ ತೆಗೆದೆ. ಈ ಮನೆಯಲ್ಲಿ ಮಗುವಿಗೆ ಮಾತಾಡಲು ಜಾಗವೇ ಖಾಲಿ ಇಲ್ಲ. ಅದು ಹೂಜಿಯ ಕಡೆ ಕಣ್ಣು ಹಾಯಿಸಿದರೆ ಸಾಕು, ಅಕ್ಕ ನೀರು ತರುತ್ತಾಳೆ, ಭಾವ ಲೋಟ ತರುತ್ತಾರೆ, ನಾನು ನೀರಿನ ಬಗ್ಗೆ ನಾಲ್ಕು ಮಾತಾಡುತ್ತೇನೆ. ಎಲ್ಲರೂ ಅದರ ಪರವಾಗಿ ಮಾತಾಡುವುದರಿಂದಲೇ ಅದು ಮಾತಾಡುತ್ತಿಲ್ಲ.

ಅತ್ತೆ ನನ್ನ ಮುಖ ನೋಡಿದರು. "ಮಗು ಮಾತಾಡುವುದಿಲ್ಲ ಅಂತ ತಾನೇ ನಾವು ಅದರ ಪರವಾಗಿ ಮಾತಾಡುವುದು? ನೀನು ಉಲ್ಟಾ ಹೇಳುತ್ತಿದ್ದೀ ಅಮ್ಮಾಯಿ."

ಅಕ್ಕ ಮುಖ ತಿರುಗಿಸಿಕೊಂಡು ನಕ್ಕಳು. ಉತ್ತರವಿಲ್ಲದಾಗ ಏನು ಮಾಡಬೇಕೆಂದು ನಮ್ಮ ಚರ್ಚಾ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ದನಿ ಏರಿಸಬೇಕು. ಏರಿಸಿದೆ.

ಒಗ್ಗರಣೆ ಸೌಟು ಹಿಡಿದು ಹೊರಬಂದ ಅಜ್ಜಿ ಅತ್ತೆಗೆ ನನ್ನ ಪರವಾಗಿ ಕ್ಷಮೆ ಕೇಳಿದಳು. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾವ್ರ. ಸಣ್ಣಾಕಿ ಇದ್ದಾಗ ಇಕೀಗೆ ನಾನ ಬಜಿ ತೇಯ್ದು ಹಾಕಿದ್ದೆ. ಕೈ ತಪ್ಪಿ ಒಂದೆರಡು ಸುತ್ತು ಜಾಸ್ತಿ ತೇಯ್ದಂಗ ಕಾಣ್ತೈತಿ."

ಬಜೆಯ ಬೇರನ್ನು ಕಲ್ಲಿನ ಮೇಲೆ ತೇಯ್ದು ನಾಲಿಗೆಗೆ ಸವರಿದರೆ ಮಕ್ಕಳಿಗೆ ಮಾತು ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ, ಆಂಧ್ರದಲ್ಲೂ ಇದೆ. ಅವರು ಅದನ್ನು ವಸ ಎನ್ನುತ್ತಾರೆ. ಅಕ್ಕ ಅಜ್ಜಿಯ ಮಾತನ್ನು ತೆಲುಗಿಗೆ ತಿರುಗಿಸಿದಳು. ಎರಡು ಭಾಷೆಯ ಹೆಂಗಸರೂ ಒಮ್ಮೆಲೇ ತಲೆಯಾಡಿಸಿದರು. ನಾನು ಬಿಡಲಿಲ್ಲ. ನಾನು ಹುಟ್ಟಿದಂದಿನಿಂದ ಒಂದೇ ಸಮನೆ ಅರಚುತ್ತಿದ್ದೆ, ಹೊಟ್ಟೆನೋವೆಂದು ತಿಳಿದು ಬಜೆ ಹಾಕಿದರು ಎಂದು ಅಜ್ಜಿಯೇ ನೂರು ಸಲ ಹೇಳಿದ್ದಳು. ಅಂದರೆ ಗದ್ದಲ ಮೊದಲು, ಬಜೆ ಆಮೇಲೆ. "ಸುಮ್ನಿರ," ಎಂದಳು ಅಜ್ಜಿ. ನನ್ನ ಮಾತು ಮೂರು ವಾಕ್ಯ ದಾಟಿದರೆ ಅವಳು ಹೇಳುವುದೇ ಅದು.

ಅಂದು ಆದ ನಿರ್ಣಯ: ಮುಂದಿನ ವಾರ ಭಾವನೊಬ್ಬರನ್ನು ಬಿಟ್ಟು ಎಲ್ಲರೂ ವಿಜಯವಾಡಕ್ಕೆ ಹೋಗುವುದು. ಅಕ್ಕ, ಮಗು ಅಲ್ಲಿಯೇ ಎರಡು ತಿಂಗಳು ಅಚ್ಚ ತೆಲುಗಿನಲ್ಲಿ ಇರುವುದು. ಅಜ್ಜಿಯನ್ನು ಅಲ್ಲಿಂದ ಹುಬ್ಬಳ್ಳಿಯ ರೈಲು ಹತ್ತಿಸುವುದು. ಮಗುವಿಗೆ ಮಾತು ಗಟ್ಟಿಯಾಗಿ ಕೂರುವವರೆಗೆ ಅಜ್ಜಿ ಈ ಕಡೆ ಬರಬಾರದು. ಅಕ್ಕ ಒಪ್ಪಿದಳು. ನಾನು ಅವಳನ್ನು ಅಡುಗೆಮನೆಗೆ ಎಳೆದೊಯ್ದು ಕೇಳಿದೆ.

"ನೀನೂ ನಂಬ್ತೀಯೇನು ಇದನ್ನ?"

"ನಂಬಂಗಿಲ್ಲ," ಎಂದಳು ಅಕ್ಕ. "ಆದ್ರ ಖರೇ ಆಗಿದ್ರ? ನಿನಗ ಸೋತ್ರ ಬಹುಮಾನದ ಕಪ್ ಹೋಗ್ತೈತಿ ಅಷ್ಟ. ನನ್ನ ಕೂಸು ಅದು."

ಭಾವನನ್ನು ಕೇಳಿದೆ. "ಅಮ್ಮ ಹೇಳುವುದೂ ಸರಿ, ನೀನು ಹೇಳುವುದೂ ಸರಿ," ಎಂದು ಹೇಳಿ ಸ್ಕೂಟರಿನಲ್ಲಿ ಪೆಟ್ರೋಲ್ ಇದೆಯೋ ಇಲ್ಲವೋ ನೋಡಲು ಹೋದರು. ಇತ್ತು.

ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ. ಅಜ್ಜಿಯೂ ಅದನ್ನು ನಂಬಿಬಿಟ್ಟಳಲ್ಲ ಎಂದು. ಮರುದಿನ ಅವಳು ಮಗುವಿಗೆ ಅನ್ನ ಕಲಸುತ್ತ, ನನ್ನ ಕಡೆ ತಿರುಗದೆ ಕೇಳಿದಳು. "ನನ್ನ ಮಾತಿನಿಂದನ ಕೂಸಿನ ಬಾಯಿ ಕಟ್ಟೇತೇನವಾ?" ನಾನು ಇಲ್ಲ ಎಂದು ಹೇಳಿ ಕಾರಣಗಳನ್ನು ಒಂದೊಂದಾಗಿ ವಿವರಿಸಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಮಗುವಿನ ಕಡೆ ತಿರುಗಿ, ತರಕಾರಿ ಗಾಡಿಯವರ ಹತ್ತಿರ ಕಲಿತ ತೆಲುಗಿನಲ್ಲಿ, "ತಿನು ಬುಜ್ಜಿ, ತಿನು," ಎಂದಳು. ಕತೆ ಹೇಳುತ್ತಿದ್ದವಳು, ಬೀದಿಯ ನಾಯಿಗೂ ಕಾಗೆಗೂ ಹೆಸರಿಟ್ಟು ಜಗಳ ಹಚ್ಚುತ್ತಿದ್ದವಳು, ಅಂದಿನಿಂದ ತಿನು, ರಾ, ಪಡುಕೋ ಎಂಬ ಮೂರು ಮಾತಿಗೆ ಇಳಿದಳು. ತಿನ್ನು, ಬಾ, ಮಲಗು. ಮಗು ಅವಳ ಮುಖವನ್ನೇ ನೋಡುತ್ತಿತ್ತು, ಉಳಿದದ್ದು ಎಲ್ಲಿ ಎಂದು ಹುಡುಕುವ ಹಾಗೆ.

ರೈಲಿನಲ್ಲಿ ಅತ್ತೆ ಎದುರು ಸೀಟಿನಲ್ಲಿ ಕೂತು ಗಮನಿಸುತ್ತಿದ್ದುದರಿಂದ ಅಜ್ಜಿ ಇನ್ನಷ್ಟು ಪ್ರಯತ್ನಪಟ್ಟಳು. ಮರ ಕಂಡರೆ ಮರ ನೋಡು ಎಂದು "ಚೆಟ್ಟು ಚೂಡು", ಹಸು ಕಂಡರೆ "ಆವು ಚೂಡು". ಗಂಟೆಯೊಳಗೆ ಅನಕಾಪಲ್ಲಿ ಬರುವಷ್ಟರಲ್ಲಿ ಅವಳ ತೆಲುಗು ಮುಗಿದುಹೋಯಿತು. ಅಲ್ಲಿಂದ ಮುಂದೆ ಬೆಲ್ಲದ ಗಾಡಿಗೂ, ಸೇತುವೆಗೂ, ಟಿಕೆಟ್ ನೋಡಲು ಬಂದವರಿಗೂ ಬರೀ "ಚೂಡು".

ಅತ್ತೆಯ ಮನೆ ವಿಜಯವಾಡದಲ್ಲಿ, ಗಾಡಿ ರಿಪೇರಿಯ ಶೆಡ್ಡುಗಳೇ ತುಂಬಿದ ಆಟೋನಗರದ ಹಿಂಬದಿಯಲ್ಲಿ. ಅಕ್ಕನ ಮಾವನಿಗೆ ಅಲ್ಲಿ ಲಾರಿಗಳ ಸ್ಪ್ರಿಂಗ್ ಕಮಾನು ಕಟ್ಟುವ ಶೆಡ್ ಇದೆ. ಬೆಳಗಾದರೆ ಸುತ್ತಲೂ ಸುತ್ತಿಗೆಯ ಸದ್ದು. ಆ ಮನೆಯಲ್ಲಿ ಉಪ್ಪು ಕೊಡಿ ಎನ್ನಬೇಕಾದರೂ ಜಗಳವಾಡುವ ದನಿಯಲ್ಲೇ ಕೇಳಬೇಕು. ಮಾವ ಸಾಧು ಮನುಷ್ಯ. ಅವರದೇ ಹಳೆಯ ಸ್ಕೂಟರನ್ನು ಪ್ರತಿ ಬೆಳಿಗ್ಗೆ ಬೆವರಿಳಿಯುವವರೆಗೆ ಒದೆಯುತ್ತಿದ್ದರು. ಸುತ್ತ ಇಷ್ಟೊಂದು ಮೆಕ್ಯಾನಿಕರಿರುವಾಗ ಒಮ್ಮೆ ತೋರಿಸಬಾರದೇ ಎಂದು ಕೇಳಿದೆ.

"ಆ ತಪ್ಪು ಮಾತ್ರ ಮಾಡಬಾರದಮ್ಮ," ಎಂದರು. "ಇಷ್ಟು ವರ್ಷದಿಂದ ನೋಡುತ್ತಿದ್ದೇನೆ. ಒಮ್ಮೆ ಆಟೋನಗರಕ್ಕೆ ಬಂದ ಗಾಡಿ ಮತ್ತೆ ಮತ್ತೆ ಬರುತ್ತದೆ. ಬಿಚ್ಚಿಸಿಕೊಳ್ಳುವ ರುಚಿ ಹತ್ತುತ್ತದೆ ಅದಕ್ಕೆ. ಒಮ್ಮೆಯೂ ಬರದ ಗಾಡಿ ಇದೆ ನೋಡು, ಅದು ಬರುವುದೇ ಇಲ್ಲ."

ಕೊನೆಯ ವಾಕ್ಯದಲ್ಲಿ ಹುಳುಕು ಹುಡುಕಲು ನಾನು ಬಹಳ ಹೊತ್ತು ಪ್ರಯತ್ನಿಸಿದೆ. ಸಿಗಲಿಲ್ಲ.

ಅತ್ತೆ ಅಜ್ಜಿಯನ್ನು ನೋಡಿಕೊಂಡ ರೀತಿಯನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಖಾರ ಆಗದೆಂದು ಬೇರೆ ಬೇಳೆಯ ಪಪ್ಪು, ಹಲ್ಲಿಗೆ ಕಷ್ಟವೆಂದು ಮೆತ್ತಗಿನ ಅನ್ನ, ಮಲಗಲು ಫ್ಯಾನಿನ ಕೆಳಗಿನ ಮಂಚ, ಉಡುಗೊರೆಗೆ ಮಂಗಳಗಿರಿ ಸೀರೆ. ಅಷ್ಟು ಮರ್ಯಾದೆಯಿಂದ ಒಬ್ಬರನ್ನು ಸಾಗಹಾಕುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಜ್ಜಿ ಎಲ್ಲದಕ್ಕೂ ಕೈಮುಗಿದಳು. ಮಗು ಹತ್ತಿರ ಬಂದರೆ ತಲೆ ಸವರಿ ಅತ್ತೆಯ ಕಡೆಗೆ ಕಳಿಸುತ್ತಿದ್ದಳು.

ಹುಬ್ಬಳ್ಳಿ ರೈಲಿಗೆ ಇನ್ನೊಂದು ದಿನ ಉಳಿದಿತ್ತು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಹಾಲಿನಲ್ಲಿ ಕೂತಿದ್ದೆವು. ಅಜ್ಜಿ ಗೋಡೆಗೆ ಒರಗಿ ಸೀರೆ ಮಡಚುತ್ತಿದ್ದಳು. ನಾನು ಕೊನೆಯ ಬಾರಿಗೆ ವಾದ ಎತ್ತಿದೆ. ಅಜ್ಜಿ ಕನ್ನಡ ನಿಲ್ಲಿಸಿ ವಾರವಾಯಿತು, ಮಗು ಮಾತಾಡಿತೇ? ಇಲ್ಲ. ಹಾಗಾದರೆ ಕಾರಣ ಕನ್ನಡವಲ್ಲ. ಅತ್ತೆ, ವಿಷ ಇಳಿಯಲು ಸಮಯ ಬೇಕು ಎಂದರು. ವಿಷ ಎಂಬ ಮಾತಿಗೆ ನಾನು ಎದ್ದು ನಿಂತೆ. ಅವರೂ ಎದ್ದರು. ಹೊರಗೆ ಸುತ್ತಿಗೆ, ಒಳಗೆ ನಾವಿಬ್ಬರು. ಅಕ್ಕ ನಡುವೆ ಬಂದು ಯಾರ ಕೈ ಹಿಡಿಯಬೇಕೆಂದು ತಿಳಿಯದೆ ಫ್ಯಾನಿನ ವೇಗ ಹೆಚ್ಚಿಸಿದಳು.

ಆಗ ನನ್ನ ಮೊಣಕಾಲ ಹತ್ತಿರದಿಂದ ಒಂದು ದಪ್ಪ, ಸ್ಪಷ್ಟ ದನಿ ಬಂತು.

"ಸುಮ್ನಿರ."

ಮಗು ತಲೆಯೆತ್ತಿ ನನ್ನನ್ನೇ ನೋಡುತ್ತಿತ್ತು. ಹುಬ್ಬು ಗಂಟಿಕ್ಕಿತ್ತು. ದನಿಯಲ್ಲಿ ಅಜ್ಜಿಯ ಎಳೆತವೂ ಇತ್ತು. ನಾವು ಬೆಪ್ಪಾಗಿ ನಿಂತದ್ದನ್ನು ನೋಡಿ, ಅರ್ಥವಾಗಲಿಲ್ಲವೆಂದು ತಿಳಿಯಿತೋ ಏನೋ, ಅತ್ತೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಿತು. "ಸುಮ್ನಿರ."

ಅಕ್ಕ ಮಗುವನ್ನು ಎತ್ತಿಕೊಂಡು ಅಳತೊಡಗಿದಳು. ಅತ್ತೆ ಅದರ ಕಾಲನ್ನು ಕಣ್ಣಿಗೊತ್ತಿಕೊಂಡರು. ಅಜ್ಜಿ ಮಾತ್ರ ಕೂತಲ್ಲಿಂದ ಏಳಲಿಲ್ಲ. ಅರ್ಧ ಮಡಚಿದ ಸೀರೆ ಕೈಯಲ್ಲೇ ಇತ್ತು. ತಾನು ನಗಬಹುದೋ ಇಲ್ಲವೋ ಎಂದು ಬೀಗರ ಮುಖ ನೋಡುತ್ತಿದ್ದಳು.

ನಾನು ಗೆದ್ದೆ ಎಂದುಕೊಂಡೆ. ಮೊದಲ ಮಾತೇ ಕನ್ನಡ. ಇದಕ್ಕಿಂತ ಸಾಕ್ಷಿ ಬೇಕೇ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕಣ್ಣೊರೆಸಿಕೊಂಡು ಎಲ್ಲರ ಕಡೆ ತಿರುಗಿದರು.

"ನಾನು ಹೇಳಲಿಲ್ಲವಾ? ಕನ್ನಡ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಿಲ್ಲಿಸಿದೆವು, ಹೊರಗೆ ಬಂತು. ಇನ್ನು ದಾರಿ ಬಿಟ್ಟಿತು, ತೆಲುಗು ತಾನಾಗಿ ಬರುತ್ತದೆ."

ಮಾವ ತಲೆದೂಗಿದರು. "ನಿಜ. ಡೀಸೆಲ್ ಪೈಪಿನಲ್ಲಿ ಕಸ ಸಿಕ್ಕಿದ್ದರೆ ಮೊದಲು ಬರುವುದು ಕಸವೇ."

ನನ್ನ ಮಾತೃಭಾಷೆಯನ್ನು ಕಸ ಎಂದ ಆ ಸಾಧು ಮನುಷ್ಯನಿಗೆ ಉತ್ತರ ಕೊಡಲು ನಾಲಿಗೆ ತುದಿಯಲ್ಲಿ ಏನೇನೋ ಇತ್ತು. ಗೋಡೆಯ ಹತ್ತಿರ ಅಜ್ಜಿ ಮತ್ತೆ ಸೀರೆ ಮಡಚಲು ಶುರುಮಾಡಿದ್ದಳು. ಅದನ್ನು ನೋಡಿ ನುಂಗಿಕೊಂಡೆ. ಇವರ ಸಿದ್ಧಾಂತ ಮಗು ಮಾತಾಡದಿದ್ದರೂ ಗೆಲ್ಲುತ್ತದೆ, ತೆಲುಗಾಡಿದರೂ ಗೆಲ್ಲುತ್ತದೆ, ಕನ್ನಡವಾಡಿದರೂ ಗೆಲ್ಲುತ್ತದೆ. ಅದರ ವಿರುದ್ಧ ನಿಂತು ಪ್ರಯೋಜನವಿಲ್ಲ. ನನ್ನ ಚೀಟಿ ಬದಲಾಗಬೇಕಿತ್ತು.

"ಮಾವಯ್ಯಗಾರು," ಎಂದೆ, "ಒಂದು ಚೂರು ಕಸ ಬಂದರೆ ಪೈಪು ಖುಲ್ಲಾ ಆಯಿತು ಅಂತ ಬಿಡುತ್ತೀರಾ?"

"ಎಲ್ಲಾದರೂ ಉಂಟಾ. ಪೂರ್ತಿ ಬರುವವರೆಗೆ ಪಂಪ್ ಹೊಡೆಯಬೇಕು. ಅರ್ಧಕ್ಕೆ ಬಿಟ್ಟರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ."

"ಬುಜ್ಜಿಯ ಗಂಟಲಲ್ಲಿ ಎರಡೂವರೆ ವರ್ಷದ ಕನ್ನಡ ಇದೆ. ಈಗ ಬಂದದ್ದು ಒಂದು ಮಾತು. ಉಳಿದದ್ದನ್ನು ತೆಗೆಯುವವರು ಯಾರು?"

ಅತ್ತೆಗೆ ಸಂಶಯ ಬಂತು. ಅವರು ದಡ್ಡರಲ್ಲ. "ಯಾಕೆ, ನಿನ್ನ ಅಕ್ಕ ಇದ್ದಾಳಲ್ಲ. ನೀನಿದ್ದೀಯಲ್ಲ."

"ಅಕ್ಕನ ಕನ್ನಡದಲ್ಲಿ ಈಗ ಅರ್ಧ ತೆಲುಗು, ಕಲಬೆರಕೆ ಪಂಪಿನಿಂದ ಕೆಲಸವಾಗುವುದಿಲ್ಲ. ಇನ್ನು ನಾನು ಬಾಯಿ ಬಿಟ್ಟರೆ ಬುಜ್ಜಿ ಏನಂದಳು, ನೀವೇ ಕೇಳಿದಿರಲ್ಲ."

ಮೂವರೂ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದರು.

ಸಂಜೆಯೊಳಗೆ ಹುಬ್ಬಳ್ಳಿಯ ಟಿಕೆಟ್ ರದ್ದಾಯಿತು. ಎರಡು ತಿಂಗಳ ವಾಸವೂ ರದ್ದಾಯಿತು. ಸುತ್ತಿಗೆ ಸದ್ದಿನಲ್ಲಿ ಅಜ್ಜಿಯ ಮಾತು ಮಗುವಿಗೆ ಸರಿಯಾಗಿ ಕೇಳಿಸುವುದಿಲ್ಲ ಎಂದು ಅತ್ತೆಯೇ ಹೇಳಿದರು. ಎಲ್ಲರೂ ವಿಶಾಖಪಟ್ಟಣಕ್ಕೆ ವಾಪಸು. ಹೊರಡುವಾಗ ಅತ್ತೆ ಅಜ್ಜಿಯ ಕೈ ಹಿಡಿದು, "ಅಮ್ಮಮ್ಮಗಾರು, ಬೆಳಗಿನಿಂದ ಸಂಜೆಯವರೆಗೆ ಬಿಡದೆ ಕನ್ನಡ ಮಾತಾಡಿ, ಒಂದು ಚೂರೂ ಒಳಗೆ ಉಳಿಯಬಾರದು," ಎಂದರು. ಔಷಧಿಯ ಪ್ರಮಾಣ ಹೇಳುವ ಹಾಗಿತ್ತು.

ಮಗು ಯಾಕೆ ಅಂದೇ ಮಾತಾಡಿತು ಎಂದು ನನ್ನನ್ನು ಕೇಳಿದರೆ, ನನಗೆ ಗೊತ್ತಿಲ್ಲ. ಹೊಸ ಮನೆ, ದೊಡ್ಡ ಸದ್ದು, ನಮ್ಮ ಜಗಳ, ಅಜ್ಜಿ ಸುಮ್ಮನಾಗಿದ್ದರಿಂದ ಖಾಲಿಯಾದ ಜಾಗ. ಇಲ್ಲವೇ ಮಾತಿಗೆ ಹೊತ್ತು ಬಂದಿತ್ತು, ಅಷ್ಟೇ. ಕಂಪನಿಯಲ್ಲಾದರೆ ಮೂಲ ಕಾರಣ ತಿಳಿಯಲಿಲ್ಲ ಎಂದು ಬರೆದರೆ ಮೇಲಿನವರು ವಾಪಸು ಕಳಿಸುತ್ತಾರೆ. ಇಲ್ಲಿ ವಾಪಸು ಕಳಿಸುವವರು ಯಾರೂ ಇರಲಿಲ್ಲ. ಅಜ್ಜಿಯೊಬ್ಬಳನ್ನು ಬಿಟ್ಟರೆ.

ವಾಪಸು ಬರುವ ರೈಲಿನಲ್ಲಿ ಅವಳ ಪಕ್ಕ ಕೂತು, ಅತ್ತೆಗೆ ಹೇಳಿದ್ದೆಲ್ಲ ನಾನು ಕಟ್ಟಿದ್ದು, ಗಂಟಲಲ್ಲಿ ಏನೂ ಸಿಕ್ಕಿರಲಿಲ್ಲ ಎಂದು ತಿಳಿಸಿದೆ. ಸುಳ್ಳಿನ ಮೇಲೆ ಅವಳು ಕೂರುವುದು ನನಗೆ ಬೇಡವಾಗಿತ್ತು.

"ಹಂಗಾರ ಕೂಸಿನ ಬಾಯಿ ಕಟ್ಟಿದ್ದು ನನ್ನಿಂದಲ್ಲ?" ಎಂದು ಕೇಳಿದಳು.

"ಅಲ್ಲ ಅಜ್ಜಿ. ಖಂಡಿತ ಅಲ್ಲ."

ಅವಳ ಮುಖ ಅರಳಿತು. "ಮತ್ತ ಬಾಯಿ ಬಂದಿದ್ದು ನನ್ನಿಂದ."

ಇಲ್ಲಿ ನಾನು ಹೌದು ಎಂದಿದ್ದರೆ ಆಗುತ್ತಿತ್ತು. ಆಗಲಿಲ್ಲ. "ಅದು... ಹಂಗಂತ ಹೇಳಾಕ ಬರಂಗಿಲ್ಲ. ಸಾಕ್ಷಿ ಇಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ಬೀಗತಿ ಬೈದ್ರೂ ಪೂರಾ ನನ್ನ ಹೆಸರಿಗೇ ಬೈದ್ಲು, ಹೊಗಳಿದ್ರೂ ಪೂರಾ ನನ್ನ ಹೆಸರಿಗೇ ಹೊಗಳಿದ್ಲು. ನೀ ಅದೀ ನೋಡು, ಬೈಗುಳಾನೂ ಕಸಗೊಂಡಿ, ಹೊಗಳಿಕೀನೂ ಕಸಗೊಂಡಿ. ನಿನಕಿಂತ ಆಕೀನ ಚಲೋ." ಹಾಗೆಂದು ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು, ಕಿಟಕಿಯಾಚೆ ಓಡುತ್ತಿದ್ದ ಎಮ್ಮೆಗಳ ಮನೆತನದ ಜಗಳವನ್ನು ಧಾರವಾಡದ ಕನ್ನಡದಲ್ಲಿ ಶುರುಮಾಡಿದಳು. ವಿಶಾಖಪಟ್ಟಣದವರೆಗೂ ನಿಲ್ಲಲಿಲ್ಲ.

ಆಮೇಲಿನ ದಿನಗಳಲ್ಲಿ ಮಗು ಎರಡೂ ಭಾಷೆಯನ್ನು ಬೆರೆಸಿ ಮಾತಾಡತೊಡಗಿತು. ಅತ್ತೆ ದಿನಾ ಫೋನು ಮಾಡಿ, "ಇವತ್ತು ಎಷ್ಟು ಬಂತು?" ಎಂದು ಕೇಳುವರು. ತೆಲುಗು ಮಾತು ಬಂದ ದಿನ ಪೈಪು ಸ್ವಚ್ಛವಾಗುತ್ತಿದೆ ಎಂದೂ, ಕನ್ನಡ ಬಂದ ದಿನ ಇನ್ನೂ ಉಳಿದಿದೆ ಎಂದೂ ಅರ್ಥ. ಎರಡೂ ಶುಭ ಸುದ್ದಿಯೇ.

ಸುದ್ದಿ ಅಪಾರ್ಟ್‌ಮೆಂಟಿನಲ್ಲಿ ಹರಡಿತು. ಒಂದು ಸಂಜೆ ಮೂರನೇ ಮಹಡಿಯ ತಾಯಿಯೊಬ್ಬರು ತಮ್ಮ ಮಗನನ್ನು ಎತ್ತಿಕೊಂಡು ಬಂದರು. ಎರಡು ದಾಟಿದೆ, ಮಾತಿಲ್ಲ. ಕನ್ನಡದ ಅಮ್ಮಮ್ಮಗಾರು ದಿನಕ್ಕೆ ಒಂದು ಗಂಟೆ ಮಾತಾಡಿಸುವರೇ ಎಂದು ಕೇಳಿದರು. ನಾನು ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದೆ. ಅದಕ್ಕೆ ಅವರು ತಕ್ಷಣ ಒಪ್ಪಿದರು, ನಮ್ಮ ಡಾಕ್ಟರ ವಿಳಾಸವನ್ನೂ ತೆಗೆದುಕೊಂಡರು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಆದರೆ ನೀವು ಮನೆಯಲ್ಲೆಲ್ಲ ತೆಲುಗಿನವರೇ," ಎಂದೆ. "ಇವನ ಗಂಟಲಲ್ಲಿ ಕನ್ನಡ ಇಲ್ಲವೇ ಇಲ್ಲ. ಹೊರಗೆ ಬರುವುದಕ್ಕೆ ಏನಿದೆ?"

"ಅದಕ್ಕೇ ಕಣ್ರೀ ಬಂದದ್ದು," ಎಂದರು ಆಕೆ, ನನಗೆ ತಿಳಿಹೇಳುವ ಸಮಾಧಾನದಲ್ಲಿ. "ಸ್ವಲ್ಪ ಹಾಕಿದರೆ ತಾನೇ ಬರುವುದು?"

ನಾನು ಅಜ್ಜಿಯ ಕಡೆ ನೋಡಿದೆ. ಅವಳು ಆಗಲೇ ಹುಡುಗನನ್ನು ಇಸಿದುಕೊಂಡು, ಅವನ ಕೈಗೆ ಬೆಲ್ಲದ ಚೂರು ಕೊಟ್ಟು, ಧಾರವಾಡದಲ್ಲಿ ತನ್ನದೊಂದು ಎಮ್ಮೆ ಇತ್ತು ಎಂಬಲ್ಲಿಂದ ಆರಂಭಿಸಿದ್ದಳು. ಅಷ್ಟರಲ್ಲಿ ಅಮ್ಮನ ಫೋನು ಬಂತು; ಈ ಸಲದ ದೀಪಾವಳಿಗಾದರೂ ಊರಿಗೆ ಬರುತ್ತೀಯೋ ಇಲ್ಲವೋ ಎಂದು ಅಜ್ಜಿಯನ್ನು ಕೇಳುತ್ತಿದ್ದಳು.

"ಈ ವರ್ಷ ಆಗಂಗಿಲ್ಲವಾ," ಎಂದಳು ಅಜ್ಜಿ. "ಇಲ್ಲಿ ಹುಡುಗೂರು ಪಾಳಿ ಹಚ್ಯಾವು."